ಮೂರು ಕಾಪಿ

ಜನವರಿ 4

ತಂಗಿ ಡೊರೀನ್, ನೀನು ತೀರಿಹೋಗಿ ಎರಡು ಬೇಸಿಗೆ ಕಳೆದರೂ ನಿನ್ನ ಹೆಸರು ಹಾಕದೆ ನನಗೆ ಒಂದು ಸಾಲೂ ಬರೆಯಲು ಬರುವುದಿಲ್ಲ. ಅದಕ್ಕೇ ದಿನಚರಿಯನ್ನೂ ನಿನಗೇ ಬರೆಯುತ್ತಿದ್ದೇನೆ. ಅಂಚೆಗೆ ಹಾಕುವ ತಾಪತ್ರಯವಿಲ್ಲ, ಅಕ್ಷರ ಕೋಳಿ ಕೆದಕಿದ ಹಾಗಿದೆ ಎಂದು ನೀನು ಬೈಯುವುದೂ ಇಲ್ಲ.

ಬೇಸಿಗೆಯ ಕಾಡುಬೆಂಕಿ ಕೊರಿಗನ್ ಕಣಿವೆ ದಾಟಿತು. ಬುರಿಂಡಾದ ಅರ್ಧ ಊರು ಸಭಾಭವನದ ನೆಲದ ಮೇಲೆ ಕಂಬಳಿ ಹಾಸಿಕೊಂಡಿದೆ, ಉಳಿದರ್ಧ ಗುಡ್ಡದ ಮೇಲೆ ಬೆಂಕಿಯ ಜೊತೆ ಗುದ್ದಾಡುತ್ತಿದೆ. ನಿನ್ನ ಮಗ ರಾಸ್ ಗುಡ್ಡದ ಮೇಲಿದ್ದಾನೆ. ಅಗ್ನಿದಳದ ಎರಡನೇ ನೀರಿನ ಟ್ರಕ್ಕು ಅವನ ಕೈಯಲ್ಲಿದೆ, ಜೊತೆಗೆ ಮೂವರು.

ನಾನಿರುವುದು ಸಭಾಭವನದ ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ, ನನ್ನ ಎಂಟು ಯಂತ್ರಗಳ ಜೊತೆ. ಶಾಲೆಯ ಬಸ್ಸು ಓಡಿಸುತ್ತಿದ್ದವಳು ಕಂಪ್ಯೂಟರು ಬಿಚ್ಚಿ ಜೋಡಿಸುವುದನ್ನು ಶೆಡ್ಡಿನಲ್ಲಿ ಕೂತು ಕಲಿತಳು ಎಂದು ನೀನು ನಗುತ್ತಿದ್ದೆಯಲ್ಲ, ಈಗ ಊರಿನ ಪ್ರಾಣ ಅದರ ಮೇಲೆ ನಿಂತಿದೆ. ವಿಮಾನ ಬೆಂಕಿಯ ಮೇಲೆ ಹಾರಿ, ಇಡೀ ಗುಡ್ಡಸಾಲಿನ ಶಾಖವನ್ನು ಒಂದೇ ದೊಡ್ಡ ಫೈಲಾಗಿ ಹಿಡಿದು ತರುತ್ತದೆ. ಅದು ಇಳಿದ ಕೂಡಲೇ ಕ್ಯಾಮೆರಾ ನೋಡಿಕೊಳ್ಳುವ ಕ್ಯಾಲಮ್, ರನ್‌ವೇ ಪಕ್ಕದ ಶೆಡ್ಡಿನಲ್ಲಿ ಅದರ ಡಿಸ್ಕನ್ನು ಕಂಪ್ಯೂಟರಿಗೆ ಚುಚ್ಚುತ್ತಾನೆ. ಫೈಲು ತಂತಿಯಲ್ಲಿ ಹರಿದು ಬಂದು, ನನ್ನ ಯಂತ್ರಗಳು ಅದನ್ನು ಬರೆದುಕೊಳ್ಳಬೇಕು. ಆಮೇಲೆ ಗಾರ್ತ್ ಮನ್ರೊ ಮತ್ತು ಅವನ ನಕ್ಷೆಯವರು ಅದನ್ನು ತೆರೆದು, ಬೆಂಕಿಯ ಅಂಚಿಗೆ ಗೆರೆ ಎಳೆದು, ಟ್ರಕ್ಕುಗಳಿಗೆ ಕಳಿಸುತ್ತಾರೆ.

ಆ ಬರೆದುಕೊಳ್ಳುವುದೇ ಮುಗಿಯುವುದಿಲ್ಲ. ಗಾರ್ತ್ ಎರಡು ಚಹಾ ಕುಡಿದು, ಮೂರನೆಯದಕ್ಕೆ ಕೆಟಲ್ ಇಟ್ಟು, ಬಂದು ನೋಡಿದರೆ ಇನ್ನೂ ಅರ್ಧದಲ್ಲಿರುತ್ತದೆ.

"ನೋಡು ಎನಿಡ್, ಈ ನಕ್ಷೆ ಹೊರಗೆ ಬರೋ ಹೊತ್ತಿಗೆ ಬೆಂಕಿ ಊಟ ಮುಗ್ಸಿ ಕೈ ತೊಳ್ಕೊಂಡಿರತ್ತೆ," ಎಂದು ಬೂಟುಗಾಲಲ್ಲಿ ಯಂತ್ರದ ಕಪಾಟಿಗೆ ಒದ್ದ. ತಗಡು ಒಳಕ್ಕೆ ಹೋಯಿತು.

"ಒದ್ದರೆ ಅದಕ್ಕೆ ಬುದ್ಧಿ ಬರತ್ತಾ ಗಾರ್ತ್? ಅಷ್ಟು ವರ್ಷ ಬಸ್ಸಲ್ಲಿ ನಿನ್ನಂಥ ಪೋಕರಿಗಳನ್ನೇ ಸಾಗಿಸಿದೀನಿ. ಒಬ್ಬನ ಮೇಲೂ ಕೈ ಎತ್ತಿದವಳಲ್ಲ ನಾನು."

ಅವನಿಗೆ ನಾಚಿಕೆಯಾಯಿತು. ತಗಡನ್ನು ಅವನೇ ಸುತ್ತಿಗೆ ತಂದು ನೆಟ್ಟಗೆ ಮಾಡಿದ. ಸಿಟ್ಟಿನಿಂದ ಏನೂ ನೆಟ್ಟಗಾಗುವುದಿಲ್ಲ ಡೊರೀನ್, ಇದು ನಿನಗೂ ನನಗೂ ಗೊತ್ತಿದ್ದದ್ದೇ.

ಜನವರಿ 6

ರೋಗ ಸಿಕ್ಕಿತು. ಉಣ್ಣೆ ಕತ್ತರಿಸುವ ಶೆಡ್ಡಿನಲ್ಲಿ ಎಂಟು ಜನ ಕತ್ತರಿ ಹಿಡಿದು ನಿಂತಿದ್ದಾರೆ, ಆದರೆ ಕುರಿಗಳನ್ನೆಲ್ಲ ಒಬ್ಬನ ಕಡೆಗೇ ಅಟ್ಟುತ್ತಿದ್ದೇವೆ, ಉಳಿದವರು ಬಾಗಿಲಲ್ಲಿ ಸಿಗರೇಟು ಸೇದುತ್ತಿದ್ದಾರೆ ಎಂದುಕೋ. ನನ್ನ ಏರ್ಪಾಡು ಹಾಗಿತ್ತು. ಫೈಲು ಎಷ್ಟೇ ದೊಡ್ಡದಿರಲಿ, ಮೊದಲು ಒಂದೇ ಯಂತ್ರ ಅದನ್ನು ಪೂರ್ತಿ ನುಂಗಬೇಕು. ಅದನ್ನು ತುಂಡು ಮಾಡಿದೆ. ಮೊದಲ ತುಂಡು ಮೊದಲ ಯಂತ್ರಕ್ಕೆ, ಎರಡನೆಯದು ಎರಡನೆಯದಕ್ಕೆ, ಹೀಗೆ ಎಂಟೂ ಒಟ್ಟಿಗೆ ಬರೆದುಕೊಳ್ಳಲಿ ಎಂದು. ತುಂಡುಗಳು ಸಣ್ಣವಾದರೆ ಯಂತ್ರಗಳ ಹೊತ್ತೆಲ್ಲ ತೆಗೆದುಕೊಂಡೆ, ಕೊಟ್ಟೆ ಎನ್ನುವ ಮಾತಿಗೇ ಹೋಗುತ್ತದೆ. ಅದಕ್ಕೆ ದಪ್ಪ ದಪ್ಪ ತುಂಡು ಮಾಡಿದೆ. ಗಾರ್ತನ ಎರಡು ಚಹಾ ಒಂದಕ್ಕೆ ಇಳಿಯಿತು.

ಅಷ್ಟು ಸಾಲದು. ಇದಕ್ಕಿಂತ ಇಳಿಸಬೇಕಾದರೆ ಬಿಡಲು ಉಳಿದಿರುವುದು ನನ್ನ ಮೂರು ಕಾಪಿಯ ಕಟ್ಟುಪಾಡು ಒಂದೇ. ಯಂತ್ರ ಹೇಳದೆ ಕೇಳದೆ ಸಾಯುತ್ತದೆ. ಅದಕ್ಕೇ ಪ್ರತಿ ತುಂಡೂ ಮೂರು ಯಂತ್ರಗಳಲ್ಲಿ ಕೂತು, ಮೂರೂ ಹೌದು ಎಂದ ಮೇಲೆಯೇ ಮುಂದಿನ ತುಂಡು. ಅದನ್ನು ಬಿಡುವುದಿಲ್ಲ ಎಂದು ಗಾರ್ತನಿಗೆ ಹೇಳಿದ್ದೇನೆ.

ಮಧ್ಯಾಹ್ನ ರಾಸ್ ಟ್ರಕ್ಕಿಗೆ ನೀರು ತುಂಬಿಸಲು ಇಳಿದು ಬಂದಿದ್ದ. ಮಸಿ ಹಿಡಿದ ಮುಖದಲ್ಲಿ ಹಲ್ಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ.

"ಏನ್ ದೊಡ್ಡಮ್ಮ, ನಿನ್ನ ಡಬ್ಬಾಗಳು ಇನ್ನೂ ಆಕಳಿಸ್ತಾ ಇದಾವಾ?"

"ಎದ್ದು ಕೂತಿದಾವೆ ಕಣೋ. ಸ್ಯಾಂಡ್‌ವಿಚ್ ತಿನ್ನು."

"ಬೇಗ ಓಡಿಸು ಅವನ್ನ. ನೀನು ಕಳಿಸಿದ ಗೆರೆ ಬೆಳಿಗ್ಗೆ ನನ್ನ ಬೆನ್ನ ಹಿಂದೆ ಇತ್ತು, ಬೆಂಕಿ ಮೂಗಿನ ಮುಂದೆ ಇತ್ತು. ಹೋಲ್ಟರ ಮನೆ ಕುದುರೆ ಬೇಲೀಲಿ ಸಿಕ್ಕೊಂಡು ನಿಂತಲ್ಲೇ ಬೆಂದಿತ್ತು. ಕೂಗ್ತಾ ಇತ್ತು ದೊಡ್ಡಮ್ಮ. ನೋಲಾ ಕೊಡಲಿ ತಗೊಂಡು ಮುಗಿಸಿದ್ಲು."

ನೋಲಾ ಪೈಕ್ ಅವನ ಟ್ರಕ್ಕಿನಲ್ಲಿ ಪೈಪು ಹಿಡಿಯುವವಳು, ಶಾಲೆಯ ಕ್ಯಾಂಟೀನಿನವಳು. ಅವಳು ಟ್ರಕ್ಕಿನ ನೆರಳಲ್ಲಿ ಕೂತು ಬೂಟಿನ ರಕ್ತವನ್ನು ಹುಲ್ಲಿಗೆ ಉಜ್ಜುತ್ತಿದ್ದಳು. ಹೋಗಿ ಅವಳ ತಲೆ ನೇವರಿಸಿದೆ.

ಜನವರಿ 7

ನಮ್ಮ ಕೆಳಗಿನ ಹೊಲಕ್ಕೆ ಕಿಡಿ ಬಿದ್ದು ಕುರಿಗಳು ಸುಟ್ಟಿವೆ. ಸಾಯಲಿಲ್ಲ, ಅದೇ ಕಷ್ಟ. ಗೊರಸು ಕಳಚಿದ ಕಾಲಿನಲ್ಲಿ ನಿಂತುಕೊಂಡು ನನ್ನನ್ನೇ ನೋಡುತ್ತಿದ್ದವು. ಬಂದೂಕು ತೆಗೆದುಕೊಂಡು ಹೋದೆ. ಮೊದಲನೆಯದಕ್ಕೆ ಗುರಿ ತಪ್ಪಿ ದವಡೆಗೆ ಬಿತ್ತು. ಬೇಲಿ ಹಿಡಿದುಕೊಂಡು ವಾಂತಿ ಮಾಡಿದೆ. ಪಕ್ಕದ ಹೊಲದ ಮುದುಕ ಬಂದು ಉಳಿದವನ್ನು ನೋಡಿಕೊಂಡ. ಇವತ್ತು ಬರೆಯುವುದಕ್ಕೆ ಆಗುವುದಿಲ್ಲ.

ಜನವರಿ 9

ಇಬ್ಬರು ಸತ್ತರು. ಮೊದಲನೇ ಟ್ರಕ್ಕಿನವರು. ನಕ್ಷೆಯಲ್ಲಿ ಸುಟ್ಟು ತಣ್ಣಗಾಗಿದೆ ಎಂದಿದ್ದ ಕಡೆಗೆ ಹೋದರು. ನಕ್ಷೆ ತಪ್ಪಲ್ಲ, ಹಳತು. ಫೈಲು ನನ್ನ ಯಂತ್ರಗಳಲ್ಲಿ ಕೂರುತ್ತಿದ್ದ ಹೊತ್ತಿನಲ್ಲೇ ಬೆಂಕಿ ಹಿಂದಕ್ಕೆ ತಿರುಗಿತ್ತು.

ಸುದ್ದಿ ಬಂದಾಗ ಸಭಾಭವನದಲ್ಲಿ ಊಟ ಬಡಿಸುತ್ತಿದ್ದರು. ಸತ್ತವರಲ್ಲಿ ಒಬ್ಬನ ಅಣ್ಣ ಎದ್ದು ನೇರ ನಕ್ಷೆಯ ಮೇಜಿಗೆ ಬಂದ.

"ಯಾರೋ ಗೆರೆ ಎಳೆದೋನು?"

"ನಾನು," ಎಂದ ಗಾರ್ತ್. ಅವನು ಸುಳ್ಳು ಹೇಳಬಹುದಿತ್ತು.

ಅಣ್ಣ ಅವನ ತಲೆಗೂದಲು ಹಿಡಿದು ಮುಖವನ್ನು ಮೇಜಿಗೆ ಅಪ್ಪಳಿಸಿದ. ಮತ್ತೆ ಅಪ್ಪಳಿಸಿದ. ಮಕ್ಕಳು ತಟ್ಟೆ ಹಿಡಿದುಕೊಂಡು ನೋಡುತ್ತಿದ್ದವು. ಬಿಡಿಸಲು ಹೋದವನ ಪಕ್ಕೆಲುಬಿಗೂ ಒದೆ ಬಿತ್ತು. ಆಮೇಲೆ ಆ ಅಣ್ಣ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತ.

ಗಾರ್ತನ ಮೂಗಿನ ರಕ್ತವನ್ನು ಅಡುಗೆಮನೆಯ ಸಿಂಕಿನಲ್ಲಿ ತೊಳೆದೆ. ಅವನ ಒಂದು ಹಲ್ಲು ನನ್ನ ಅಂಗೈಗೆ ಬಂತು.

"ನಿನ್ನ ಮೂರು ಕಾಪಿ ಬಿಡು ಎನಿಡ್," ಎಂದ. ಮಾತು ಗುಳುಗುಳು ಎನ್ನುತ್ತಿತ್ತು. "ಒಂದು ಬಂದ ಕೂಡ್ಲೆ ಕೊಡು ನಂಗೆ. ನಾಳೆ ರಾಸ್‌ಗೆ ಹೀಗಾದ್ರೆ ಮೂರು ಕಾಪಿ ಇಟ್ಕೊಂಡು ಏನು ಮಾಡ್ತೀಯಾ, ಗೋಡೆಗೆ ಹಾಕ್ತೀಯಾ?"

ನಾನು ಒಪ್ಪಿದೆ. ಇನ್ನು ಮೇಲೆ ಪ್ರತಿ ತುಂಡನ್ನೂ ಒಂದು ಯಂತ್ರ ಬರೆದುಕೊಂಡ ತಕ್ಷಣ ಮುಂದಿನದು. ಉಳಿದ ಎರಡು ಕಾಪಿಗಳನ್ನು ಯಂತ್ರಗಳು ಹಿಂದಿನಿಂದ ತಮ್ಮ ಪಾಡಿಗೆ ಮಾಡಿಕೊಳ್ಳಲಿ. ಅಪಾಯ ಏನೆಂದರೆ, ಆ ನಡುವಿನ ಹೊತ್ತಿನಲ್ಲಿ ಎಂಟರಲ್ಲಿ ಯಾವ ಒಂದು ಸತ್ತರೂ ಫೈಲಿಗೆ ತೂತು ಬೀಳುತ್ತದೆ. ಅದಕ್ಕೆ ಕ್ಯಾಲಮ್‌ಗೆ ಕರಾರು ಹಾಕಿದೆ. ವಿಮಾನಕ್ಕೆ ಈಗ ಉಳಿದಿರುವುದು ಒಂದೇ ಡಿಸ್ಕು, ಮುಂದಿನ ಹಾರಾಟ ಹಳೆಯದರ ಮೇಲೇ ಬರೆಯುತ್ತದೆ. ಆದ್ದರಿಂದ ಕಾಪಿಗಳೆಲ್ಲ ಆದವು, ಇನ್ನು ಡಿಸ್ಕು ತೆಗೆ ಎಂದು ನಾನು ರೇಡಿಯೊದಲ್ಲಿ ಹೇಳುವವರೆಗೆ ಅವನು ಅದನ್ನು ಮುಟ್ಟಕೂಡದು.

"ನಿಮ್ಮ ಕಾಪಿ ಬೇರೆ, ನಮ್ಮ ಕಾಪಿ ಬೇರೆ ಅಜ್ಜಿ," ಎಂದು ನಕ್ಕ. "ರೇಡಿಯೊದಲ್ಲಿ ನಾವು ಕಾಪಿ ಅಂದ್ರೆ ಕೇಳಿಸ್ತು, ಸರಿ ಅಂತ."

"ನಂಗೆ ಕಲಿಸಬೇಡ ನೀನು. ನಾನು ಹೇಳೋವರೆಗೆ ಕೈ ಜೇಬಲ್ಲಿಟ್ಕೊ."

ಜನವರಿ 10

ಗಾರ್ತ್ ಕೆಟಲ್ ಇಟ್ಟ, ಅದು ಕುದಿಯುವ ಮೊದಲೇ ಫೈಲು ಕೂತಿತ್ತು. ರಾಸ್‌ನ ಟ್ರಕ್ಕು ಇದ್ದ ಗುಡ್ಡಕ್ಕೆ ಬೆಂಕಿ ಎರಡು ಕಡೆಯಿಂದ ಬರುತ್ತಿರುವುದನ್ನು ನಕ್ಷೆ ತೋರಿಸಿತು. ಅವರು ಇಳಿದ ಮೇಲೆ ಅವರು ನಿಂತಿದ್ದ ಜಾಗ ಬಾಂಬು ಬಿದ್ದ ಹಾಗೆ ಹಾರಿತಂತೆ, ಮರಗಳು ಬುಡಸಮೇತ ಸಿಡಿದವಂತೆ. "ದೊಡ್ಡಮ್ಮನ ಡಬ್ಬಾಗಳಿಗೆ ಒಂದು ಬಿಯರ್ ಕುಡಿಸಿ" ಎಂದು ರಾಸ್ ರೇಡಿಯೊದಲ್ಲಿ ಹೇಳಿದ್ದು ಇಡೀ ಸಭಾಭವನಕ್ಕೆ ಕೇಳಿತು.

ಸಂಜೆ ರಸ್ತೆಬದಿಯಲ್ಲಿ ಸುಟ್ಟ ಕಾಂಗರೂಗಳಿದ್ದವು. ಬಂದೂಕು ಈಗ ಕಾರಿನಲ್ಲೇ ಇಟ್ಟುಕೊಂಡಿದ್ದೇನೆ. ಕಿವಿಯ ಹಿಂದೆ, ಸ್ವಲ್ಪ ಕೆಳಗೆ ಹಿಡಿದರೆ ಒಂದೇ ಸಾಕು. ತಾಯಿಯ ಹೊಟ್ಟೆಚೀಲದಲ್ಲಿದ್ದ ಮರಿಗಳಿಗೆ ಗುಂಡು ಯಾಕೆ ದಂಡ, ಬೂಟಿನ ಹಿಮ್ಮಡಿ ಸಾಕು. ಮನೆಗೆ ಬಂದು ಆಲೂಗಡ್ಡೆ ಬೇಯಿಸಿಕೊಂಡೆ, ಚೆನ್ನಾಗಿ ಹಸಿವಾಗಿತ್ತು.

ಜನವರಿ 13

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಊಟದ ಹೊತ್ತಿಗೆ ಗಾಳಿ ದಕ್ಷಿಣಕ್ಕೆ ತಿರುಗುತ್ತದೆ ಎಂದು ಬೆಳಿಗ್ಗೆಯೇ ಗೊತ್ತಿತ್ತು. ಗಾಳಿ ತಿರುಗುವ ಮೊದಲು ನಕ್ಷೆ ಸಿಗದಿದ್ದರೆ ಮೇಲಿರುವ ಟ್ರಕ್ಕುಗಳಿಗೆ ಕಣ್ಣಿಲ್ಲ. ಹೊಗೆ ಉಗ್ರಾಣದೊಳಕ್ಕೂ ಬಂದಿತ್ತು. ಏಸಿ ಉಸಿರು ಕಟ್ಟಿ ನಿಂತು, ಯಂತ್ರಗಳು ಒಲೆಯ ಹಾಗೆ ಕಾದಿದ್ದವು. ಫೈಲು ಬಂತು, ಒಂದು ಕಾಪಿ ಕೂತಿತು, ಉಳಿದ ಕಾಪಿಗಳು ಹಿಂದಿನಿಂದ ಶುರುವಾದವು.

ರೇಡಿಯೊದಲ್ಲಿ ಕ್ಯಾಲಮ್. "ಅಜ್ಜಿ, ಡಿಸ್ಕ್ ತೆಗೀಲಾ? ಪೈಲಟ್ ಇಂಜಿನ್ ಸ್ಟಾರ್ಟ್ ಮಾಡಿ ಕೂತಿದಾನೆ."

ತಡಿ ಎನ್ನಲು ರೇಡಿಯೊದ ಗುಂಡಿ ಒತ್ತಿದೆ. ಅದೇ ಹೊತ್ತಿಗೆ ಗಾರ್ತ್ ಬಾಗಿಲಲ್ಲಿ ನಿಂತು "ಬಂತಾ ಎನಿಡ್? ಫೈಲ್ ತೆಗೀಲಾ?" ಎಂದು ಕಿರುಚಿದ. "ಕಾಪಿ ಇದೆ, ತೆಗಿ" ಎಂದು ಅವನಿಗೆ ಹೇಳಿ ತಿರುಗುವಷ್ಟರಲ್ಲಿ ಆ ಕಡೆ ರೇಡಿಯೊ ಸತ್ತಿತ್ತು. ವಿಮಾನ ಏರುವ ಸದ್ದು ಚಾವಣಿಯ ಮೇಲೆ ಹಾದುಹೋಯಿತು. ನಾನು ಹೇಳದೆಯೇ ಕ್ಯಾಲಮ್ ಡಿಸ್ಕು ಕಿತ್ತುಕೊಂಡು ಹೊರಟಿದ್ದ.

ವಿಮಾನದ ಸದ್ದು ಅಡಗುವ ಮೊದಲೇ ಐದನೇ ಯಂತ್ರ ಸತ್ತಿತು. ಬೆಂದ ಪ್ಲಾಸ್ಟಿಕ್ಕಿನ ವಾಸನೆ ಬಂತು, ಅಷ್ಟೆ. ಗಾರ್ತನ ಪರದೆಯ ಮೇಲೆ ನಕ್ಷೆ ತೆರೆದುಕೊಂಡಾಗ ಅದರ ಉದ್ದಕ್ಕೂ ಬಾಚಣಿಗೆ ಎಳೆದ ಹಾಗೆ ಕಪ್ಪು ಪಟ್ಟೆಗಳಿದ್ದವು. ಐದನೆಯದು ನುಂಗಿದ ತುಂಡುಗಳು ಅವು. ಅವುಗಳ ಇನ್ನೊಂದು ಕಾಪಿ ಎಲ್ಲೂ ಇರಲಿಲ್ಲ, ವಿಮಾನದ ಡಿಸ್ಕಿನಲ್ಲೂ ಅವುಗಳ ಮೇಲೆ ಹೊಸ ಹಾರಾಟದ್ದು ಬರೆದುಕೊಳ್ಳುತ್ತಿತ್ತು. ರಾಸ್‌ನ ಟ್ರಕ್ಕು ಒಂದು ಕಪ್ಪು ಪಟ್ಟೆಯೊಳಗಿತ್ತು.

"ರಾಸ್, ನಿನ್ನ ಜಾಗ ನಮಗೆ ಕಾಣ್ತಾ ಇಲ್ಲ," ಎಂದ ಗಾರ್ತ್ ರೇಡಿಯೊದಲ್ಲಿ. "ಇಳಿ. ಯಾವ ಕಡೆಯಿಂದಾದ್ರೂ ಇಳಿ."

"ಯಾವ ಕಡೆಯಿಂದ?"

ಗಾರ್ತ್ ಪರದೆಯ ಕಪ್ಪು ಪಟ್ಟೆಯನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದ.

ಅವರು ಬಂದಾಗ ಟ್ರಕ್ಕು ಟೈರಿಲ್ಲದ ಚಕ್ರದ ಮೇಲೆ ಕೆರೆದುಕೊಂಡು ಬಂತು. ಗಾಜುಗಳು ಕರಗಿ ಬಾಗಿಲ ಮೇಲೆ ಇಳಿದಿದ್ದವು. ನೋಲಾ ಹಿಂದೆ ಪೈಪಿನ ಹತ್ತಿರ ಇದ್ದಳು. ಅವಳ ಬೂಟು ಟ್ರಕ್ಕಿನ ತಗಡಿಗೆ ಅಂಟಿತ್ತು, ಬಿಡಿಸಲು ಸಲಾಕೆ ಬೇಕಾಯಿತು. ಉಳಿದಿಬ್ಬರಿಗೆ ಉಸಿರಿತ್ತು. ರಾಸ್ ಸ್ಟೀರಿಂಗು ಬಿಟ್ಟಿರಲಿಲ್ಲ. ಬಿಡಿಸಿದಾಗ ಅವನ ಅಂಗೈಗಳ ಚರ್ಮ ಸ್ಟೀರಿಂಗಿನಲ್ಲೇ ಉಳಿಯಿತು. ಒದ್ದೆ ಕಂಬಳಿ ಸುತ್ತಿ ಸ್ಟ್ರೆಚರ್ ಮೇಲೆ ಮಲಗಿಸಿದರು. ಕಣ್ಣು ಬಿಟ್ಟುಕೊಂಡೇ ಇದ್ದ.

ಆಗ ಕ್ಯಾಲಮ್ ಓಡಿ ಬಂದ. ಎರಡನೇ ಹಾರಾಟ ಮುಗಿಸಿ ನೇರ ಬಂದವನು, ಹೆಲ್ಮೆಟ್ಟೂ ತೆಗೆದಿರಲಿಲ್ಲ.

"ಅಜ್ಜಿ, ನೀವೇ ಹೇಳಿದ್ರಲ್ಲ, ಕಾಪಿ, ತೆಗಿ ಅಂತ—"

ಟ್ರಕ್ಕಿನ ಪಕ್ಕದಲ್ಲಿ ಚಕ್ರದ ಸ್ಪ್ಯಾನರ್ ಬಿದ್ದಿತ್ತು. ಅದರಿಂದ ಅವನ ಬಾಯಿಗೆ ಮುಟ್ಟಿಸಿದೆ. ಸುಳ್ಳು ಹೇಳುವ ಬಾಯಿ ನಿಲ್ಲಲಿ ಎಂದು ಅಷ್ಟೇ. ಬಿದ್ದ ಮೇಲೂ ಏನೋ ಹೇಳಲು ನೋಡುತ್ತಿದ್ದ, ಹಾಗಾಗಿ ಮತ್ತೆ ಬೇಕಾಯಿತು. ರಾಸ್‌ನ ಸ್ಟ್ರೆಚರ್ ಅಲ್ಲೇ ಪಕ್ಕದಲ್ಲಿತ್ತು. ಅವನು "ದೊಡ್ಡಮ್ಮ, ದೊಡ್ಡಮ್ಮ" ಎನ್ನುತ್ತಿದ್ದ, ಪಾಪ, ಅಷ್ಟು ನೋವಿನಲ್ಲೂ ನನ್ನನ್ನೇ ಕರೆಯುತ್ತಿದ್ದ. ಯಾರೋ ಹಿಂದಿನಿಂದ ನನ್ನ ಸೊಂಟ ಹಿಡಿದು ಎತ್ತಿದರು.

ಅಂಗಿಯ ತೋಳಿನ ರಕ್ತ ತಣ್ಣೀರಲ್ಲಿ ನೆನೆಹಾಕಿದೆ, ಹೋಯಿತು. ರಾತ್ರಿಗೆ ಕುರಿಮಾಂಸದ ಚಾಪ್ ಇತ್ತು. ರಾಸ್ ಬದುಕುತ್ತಾನೆ ಎಂದು ಆಸ್ಪತ್ರೆಯಿಂದ ಫೋನು ಬಂದ ಮೇಲೆಯೇ ಬಡಿಸಿಕೊಂಡೆ.

ಜನವರಿ 15

ಪೊಲೀಸ್ ಹುಡುಗಿ ಬಂದಿದ್ದಳು, ನನ್ನ ಬಸ್ಸಿನಲ್ಲಿ ಶಾಲೆಗೆ ಹೋದವಳು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಕೂತಳು. ಕ್ಯಾಲಮ್‌ನ ದವಡೆ ಮೂರು ಕಡೆ ಮುರಿದಿದೆಯಂತೆ, ಒಂದು ಕಣ್ಣು ಉಳಿಯುವುದು ಅನುಮಾನವಂತೆ. ದೂರು ಕೊಡುವುದಿಲ್ಲ ಎಂದು ಚೀಟಿಯಲ್ಲಿ ಬರೆದು ತೋರಿಸಿದನಂತೆ. ಕೊಡದಿದ್ದರೂ ಕೇಸು ನಡೆಯುತ್ತದೆ, ಊರು ಬಿಟ್ಟು ಹೋಗಬೇಡಿ ಎಂದಳು. ನಾನು ಎಲ್ಲಿಗೆ ಹೋಗಲಿ.

ಅವಳು ಹೋದ ಮೇಲೆ ಗಾರ್ತ್ ನನ್ನನ್ನು ಕೂರಿಸಿ ರೇಡಿಯೊದ ರೆಕಾರ್ಡಿಂಗ್ ಹಾಕಿದ. ಅಗ್ನಿದಳದ ಎಲ್ಲ ಮಾತೂ ತಾನಾಗಿ ರೆಕಾರ್ಡ್ ಆಗುತ್ತದೆ.

"ಡಿಸ್ಕ್ ತೆಗೀಲಾ?" ಎಂದು ಕ್ಯಾಲಮ್ ಕೇಳುವುದು. ಒಂದು ಕರಕರ ಸದ್ದು. ಆಮೇಲೆ ನನ್ನ ದನಿ, ಸ್ಪಷ್ಟವಾಗಿ. "ಕಾಪಿ ಇದೆ, ತೆಗಿ."

"ಗುಂಡಿ ಒತ್ಕೊಂಡೇ ನನಗೆ ಉತ್ತರ ಕೊಟ್ಟೆ ಎನಿಡ್," ಎಂದ ಗಾರ್ತ್. ಅವನು ನನ್ನ ಮುಖ ನೋಡಲಿಲ್ಲ. "ಅವನು ತನಗೆ ಹೇಳಿದ್ದು ಅಂದ್ಕೊಂಡ. ಯಾರಾದ್ರೂ ಹಾಗೇ ಅಂದ್ಕೋತಾರೆ."

"ಅನುಮಾನ ಬಂದಿದ್ರೆ ತಿರುಗಿ ಕೇಳಬೇಕಿತ್ತು ಅವನು."

"ಅವನಿಗೆ ಅನುಮಾನ ಯಾಕೆ ಬರತ್ತೆ? ನೀನು ಹೇಳಿದೀಯಾ."

"ಹಾಗಿದ್ರೆ ನೋಲಾನ ನಾನು ಕೊಂದೆ ಅಂತೀಯಾ?"

ಒಡೆದ ಮೂಗಿನಿಂದ ಅವನ ಉಸಿರು ಸಿಳ್ಳೆ ಹಾಕುತ್ತಿತ್ತು. ಕೈಯಲ್ಲಿದ್ದ ಬಟ್ಟಲನ್ನು ಗೋಡೆಗೆ ಎಸೆದೆ. ಅದು ಅವನ ತಲೆಯ ಪಕ್ಕದಲ್ಲೇ ಒಡೆಯಿತು, ತಲೆಗೆ ತಾಗಲಿಲ್ಲ. ತಾಗಿಸಬೇಕೆಂದಿದ್ದರೆ ತಾಗುತ್ತಿತ್ತು, ನನ್ನ ಗುರಿ ಈಗ ತಪ್ಪುವುದಿಲ್ಲ. ಚೂರುಗಳನ್ನು ಅವನೇ ಗುಡಿಸಿದ.

ಯಾರ ದನಿಯಾದರೂ ಇರಲಿ, ಆ ಹುಡುಗ ಇನ್ನೊಂದು ಸಲ ಕೇಳಬೇಕಿತ್ತು. ಡೊರೀನ್, ನೀನಾದರೂ ಇದನ್ನು ಒಪ್ಪುತ್ತೀಯ.

ಜನವರಿ 16

ನೋಲಾಳ ಮಣ್ಣು. ನಾನು ಹೋಗಲಿಲ್ಲ. ಬರಬೇಡಿ ಎಂದು ಅವಳ ಗಂಡ ಹೇಳಿ ಕಳಿಸಿದ್ದ.

ಜನವರಿ 20

ಮೊನ್ನೆ ಮಳೆ ಬಂತು. ಬೆಂಕಿ ಕೆಂಡಕ್ಕೆ ಇಳಿದಿದೆ. ಈಗ ಬಿಡುವಾಗಿದೆ, ತಲೆ ಓಡುತ್ತಿದೆ.

ಮೂರು ಕಾಪಿಯೂ ಇರಬೇಕು, ತಡವೂ ಆಗಬಾರದು. ಅದಕ್ಕೆ ದಾರಿ ಕಂಡಿತು ಡೊರೀನ್. ಇಷ್ಟು ದಿನ ಒಂದು ಯಂತ್ರ ತನ್ನ ದಪ್ಪ ತುಂಡನ್ನು ಪೂರ್ತಿ ಬರೆದುಕೊಂಡ ಮೇಲೆ ಎರಡನೆಯದಕ್ಕೆ ಕೊಡುತ್ತಿತ್ತು, ಎರಡನೆಯದು ಮುಗಿದ ಮೇಲೆ ಮೂರನೆಯದಕ್ಕೆ. ಸಾಲಾಗಿ ನಿಂತು ಕೆರೆಯಿಂದ ಬಕೆಟ್ ಸಾಗಿಸುವಾಗ ಯಾರಾದರೂ ತಮ್ಮ ಡ್ರಮ್ಮು ತುಂಬಿಸಿಕೊಂಡು ಆಮೇಲೆ ಪಕ್ಕದವರಿಗೆ ಕೊಡುತ್ತಾರೆಯೇ? ಬಂದದ್ದು ಬಂದ ಹಾಗೆ ದಾಟಿಸುತ್ತಾರೆ. ಯಂತ್ರಗಳಿಗೂ ಅದನ್ನೇ ಕಲಿಸಿದೆ. ಮೊದಲ ಯಂತ್ರ ಒಂದು ಕೈಯಲ್ಲಿ ಬರೆದುಕೊಳ್ಳುತ್ತಾ ಇನ್ನೊಂದು ಕೈಯಲ್ಲಿ ದಾಟಿಸುತ್ತದೆ. ಮೂರೂ ಹೌದು ಅನ್ನುವುದನ್ನು ಕಾಯಬೇಕು, ಆದರೆ ಕಾಯುತ್ತಾ ಕೈ ಕಟ್ಟಿ ಕೂರುವುದಿಲ್ಲ, ಹಿಂದಿನದಕ್ಕೆ ಉತ್ತರ ಬರುವ ಮೊದಲೇ ಮುಂದಿನ ತುಂಡು ಹೊರಟಿರುತ್ತದೆ. ಹಳೆಯ ಫೈಲೊಂದನ್ನು ಹಾಕಿ ನೋಡಿದೆವು. ಕೆಟಲ್ ಕುದಿಯುವಷ್ಟರಲ್ಲಿ ಮೂರೂ ಕಾಪಿ ಕೂತಿದ್ದವು. ಒಂದು ಯಂತ್ರದ ತಂತಿಯನ್ನು ಬೇಕೆಂದೇ ಕಿತ್ತೆ, ನಕ್ಷೆಗೆ ಒಂದು ಗೀರೂ ಬೀಳಲಿಲ್ಲ.

"ಇದನ್ನ ಮೊದಲೇ ಮಾಡಬಹುದಿತ್ತಾ?" ಎಂದ ಗಾರ್ತ್.

"ಮಾಡಬಹುದಿತ್ತು."

ಅವನು ಬಾಗಿಲ ಹತ್ತಿರವೇ ನಿಂತಿದ್ದ. ಈಚೆಗೆ ಉಗ್ರಾಣದ ಒಳಗೆ ಬರುವುದಿಲ್ಲ. ಇನ್ನು ಮೇಲೆ ರೇಡಿಯೊದಲ್ಲಿ ನನ್ನ ಯಂತ್ರಗಳ ಬಗ್ಗೆ ಕಾಪಿ ಎನ್ನುವ ಮಾತೇ ಆಡಬಾರದು ಎಂದು ಅಗ್ನಿದಳ ಗೋಡೆಗೆ ಅಂಟಿಸಿದೆ. ಡಿಸ್ಕು ತೆಗೆ ಎನ್ನುವ ಬದಲು ‘ಬಿಡುಗಡೆ’ ಎನ್ನಬೇಕಂತೆ. ಆಗಲಿ.

ಮಧ್ಯಾಹ್ನ ಆಸ್ಪತ್ರೆಗೆ ಹೋಗಿದ್ದೆ. ರಾಸ್ ಇವತ್ತು ಮೊದಲ ಸಲ ಕೂತಿದ್ದ, ಎರಡೂ ಕೈಗಳಿಗೆ ಮೊಣಕೈವರೆಗೆ ಬಿಳಿ ಬಟ್ಟೆ. ಮೂರು ಕಾಪಿಯ ವಿಷಯ ಪೂರ್ತಿ ಹೇಳಿದೆ, ಬಕೆಟ್ಟಿನ ಉದಾಹರಣೆ ಕೊಟ್ಟು. ಅವನಿಗೆ ಖುಷಿಯಾಗುತ್ತದೆ ಎಂದುಕೊಂಡಿದ್ದೆ.

"ಕ್ಯಾಲಮ್ ಕೆಳಗಿನ ವಾರ್ಡಲ್ಲಿ ಇದಾನೆ," ಎಂದ. "ನೋಡಿದ್ಯಾ ದೊಡ್ಡಮ್ಮ?"

"ಅವನನ್ನ ನೋಡಿ ಏನಾಗಬೇಕು."

ಅವನು ಕಿಟಕಿಯ ಕಡೆ ನೋಡಿದ. ದಿಂಬು ಜಾರಿ ಕತ್ತು ಓರೆಯಾಗಿತ್ತು. ಸರಿ ಮಾಡೋಣ ಎಂದು ಎದ್ದು ಕೈ ಎತ್ತಿದೆ. ರಾಸ್ ಎರಡೂ ಬಟ್ಟೆ ಸುತ್ತಿದ ಕೈಗಳನ್ನು ಸರಕ್ಕನೆ ಮುಖಕ್ಕೆ ಅಡ್ಡ ತಂದುಕೊಂಡ. ಕೈ ಅಲುಗಾಡಿಸಬೇಡ, ಹೊಸ ಚರ್ಮ ಕಿತ್ತು ಬರುತ್ತದೆ ಎಂದು ಡಾಕ್ಟರು ಅಷ್ಟು ಹೇಳಿದ್ದಾರೆ. "ಇಳಿಸು ಮಗಾ" ಎಂದೆ. ಇಳಿಸಲಿಲ್ಲ. ಬಟ್ಟೆಯ ಮೇಲೆ ಕೆಂಪು ಮೂಡುತ್ತಿತ್ತು. ನಾನು ದಿಂಬು ಮುಟ್ಟದೆ ಹಿಂದೆ ಸರಿದು ಕುರ್ಚಿಯಲ್ಲಿ ಕೂತ ಮೇಲೆಯೇ ಇಳಿಸಿದ.

ನೋವಿಗೆ ಏನೋ ಬಲವಾದ ಔಷಧಿ ಕೊಡುತ್ತಿದ್ದಾರೆ, ಅದರಿಂದಲೇ ಇರಬೇಕು. ಅದನ್ನು ಸ್ವಲ್ಪ ಕಡಿಮೆ ಮಾಡಿ ಎಂದು ನರ್ಸಿಗೆ ಹೇಳಿ ಬಂದಿದ್ದೇನೆ.